ದಾಸರ ಪದಕ್ಕೆ ಎಷ್ಟು ವಾಟು?

ರಾಯಚೂರು ಸೀಮೆ ಹಾಡಿನ ಸೀಮೆ. ಚೀಕಲಪರವಿಯ ವಿಜಯದಾಸರು, ದೇವದುರ್ಗದ ಕಡೆಯ ಮೊಸರುಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು, ಈ ಮೂವರ ಪದಗಳೂ 18ನೆಯ ಶತಮಾನದಲ್ಲಿ ತಂಬೂರಿ ತಾಳಗಳ ಜತೆಗೆ ಬಾಯಿಂದ ಬಾಯಿಗೆ ಸಾಗಿದುವು. ಕಂಠವನ್ನು ತಟ್ಟೆಯಲ್ಲಿ ಹಿಡಿದಿಡುವ ವಿದ್ಯೆ ಬಂದದ್ದು ಅದೆಷ್ಟೋ ಕಾಲದ ಮೇಲೆ.

ಬರ್ಲಿನರನ ಗ್ರಾಮಫೋನು 1887ರದು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ್ದು ತಟ್ಟೆಗೆ ಇಳಿಯಿತು. ಆಕೆ ತೀರಿಕೊಂಡದ್ದು 1930ರಲ್ಲಿ, ನಮ್ಮ ಮೈಸೂರಿನಲ್ಲಿ. ಅಂದಿನ ಪೆಟ್ಟಿಗೆಗೆ ವಿದ್ಯುತ್ತು ಬೇಡ. ಕೀಲಿ ಕೊಟ್ಟರೆ ತಟ್ಟೆ ತಿರುಗುವುದು. ಮುಳ್ಳಿನ ಕಂಪನವನ್ನು ಕಹಳೆಯೇ ದೊಡ್ಡದು ಮಾಡುವುದು. ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷದ ಹಾಡು. ಅಷ್ಟರಲ್ಲಿಯೇ ಅಬ್ದುಲ್ ಕರೀಂ ಖಾನರ ತಟ್ಟೆಯೊಂದು ಬಾಲಕ ಭೀಮಸೇನ ಜೋಶಿಯನ್ನು ಗದಗಿನ ಮನೆ ಬಿಡಿಸಿತು. ಮುಂದೆ ದಾಸರ ಪದಗಳನ್ನು ಲಾಂಗ್ ಪ್ಲೇ ತಟ್ಟೆಗಳ ಮೂಲಕ ಮನೆಮನೆಗೆ ಮುಟ್ಟಿಸಿದವರು ಅವರೇ.

ಕಹಳೆಯ ಕೆಲಸವನ್ನು ವಹಿಸಿಕೊಂಡದ್ದು ವಾಲ್ವು. ಡಿ ಫಾರೆಸ್ಟನು 1906ರಲ್ಲಿ ರೂಪಿಸಿದ ಈ ಗಾಜಿನ ನಳಿಗೆಯನ್ನು 1954ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕೂಡ ತಯಾರಿಸಿತು. 1947ರ ಟ್ರಾನ್ಸಿಸ್ಟರು ಕ್ರಮೇಣ ಅದನ್ನು ಮೂಲೆಗೆ ತಳ್ಳಿತು. ಈಗ ರಸಿಕರು ಮತ್ತೆ ಅದನ್ನು ಅರಸುತ್ತಿದ್ದಾರೆ. ಹಾಗೆ ಅರಸುವವರು ಇತಿಹಾಸದಿಂದಲೇ ಪಾಠ ಕಲಿಯಬಹುದು.

ಮೊದಲನೆಯದು: ತಟ್ಟೆಯ ಮುಳ್ಳು ಕೊಡುವುದು ಕೆಲವೇ ಮಿಲಿವೋಲ್ಟು. ಅದರ ಮೇಲೆ, ಕೆತ್ತುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸಿರುತ್ತಾರೆ. ಅದನ್ನು ಸಮಮಾಡುವ ಫೋನೋ ವಿಭಾಗ ಆಂಪ್ಲಿಫೈಯರಿನೊಳಗೇ ಉಂಟೆ ಎಂದು ಕೇಳಿ. ಈ ಲೆಕ್ಕ ಒಂದೇ ಸಮನಾದದ್ದು 1954ರಿಂದೀಚೆಗೆ. ಹಿಂದಿನ 78ರ ತಟ್ಟೆಗಳ ಲೆಕ್ಕ ಕಂಪನಿಗೊಂದು. ಅವಕ್ಕೆ ಮುಳ್ಳೂ ದಪ್ಪನಾಗಿರಬೇಕು. ಆದುದರಿಂದ ನಿಮ್ಮ ಪೆಟ್ಟಿಗೆಯಲ್ಲಿರುವ ತಟ್ಟೆಗಳನ್ನು ನೋಡಿಕೊಂಡೇ ಅಂಗಡಿಗೆ ಹೋಗಿ.

ಎರಡನೆಯದು: ವಾಟುಗಳಿಗೆ ಮರುಳಾಗಬೇಡಿ. ಇಎಲ್84 ಜೋಡಿವಾಲ್ವಿನ ಹತ್ತು ವಾಟು, ಸೂಕ್ಷ್ಮವಾದ ಸ್ಪೀಕರು ಜತೆಗಿದ್ದರೆ, ನಡುಮನೆಗೆ ಧಾರಾಳ.

ಮೂರನೆಯದು: ರಾಯಚೂರಿನ ಬೇಸಗೆ 40 ಡಿಗ್ರಿ ದಾಟುತ್ತದೆ; ವಾಲ್ವೂ ಬೆಂಕಿಯ ಕೂಸು. ಬೀರುವಿನಲ್ಲಿ ಮುಚ್ಚಿಡಬಾರದು. ಒಳಗೆ ಸುಮಾರು 300 ವೋಲ್ಟು ಇರುತ್ತದೆ. ಸ್ವಿಚ್ಚು ಆರಿಸಿದ ಮೇಲೂ ಕೆಪ್ಯಾಸಿಟರಿನಲ್ಲಿ ಅದು ಉಳಿದಿರಬಹುದು. ಸ್ಪೀಕರು ಜೋಡಿಸದೆ ಯಂತ್ರವನ್ನು ನಡೆಸಲೇಬಾರದು.

ವಾಲ್ವಿನ ಇಂಪು ಎಂಬುದರಲ್ಲಿ ಅದರ ಕೊಂಚ ವಿಕಾರವೂ ಬೆರೆತಿದೆ. ಅಳತೆಯಲ್ಲಿ ಒಳ್ಳೆಯ ಟ್ರಾನ್ಸಿಸ್ಟರೇ ಮುಂದು. ಹಣ ಕಡಮೆಯಿದ್ದರೆ ಅದೇ ಸಾಕು, ಉಳಿದದ್ದನ್ನು ಮುಳ್ಳಿಗೂ ತಟ್ಟೆಗೂ ಖರ್ಚುಮಾಡಿ. ಪರೀಕ್ಷೆ ಸುಲಭ: ದಾಸರ ಪದವೊಂದನ್ನು ಹಾಕಿಸಿ. ತಂಬೂರಿಯ ಶ್ರುತಿಯೊಡನೆ ಯಂತ್ರದ ಗುಂಯ್ಗುಡುವಿಕೆ ಬೆರೆಯಬಾರದು. ಸಾಹಿತ್ಯದ ಒಂದೊಂದು ಅಕ್ಷರವೂ ಬಿಡಿಯಾಗಿ ಕೇಳಬೇಕು. ಮಾತು ತಲಪದ ಮೇಲೆ ನಾದವೆಷ್ಟು ದೊಡ್ಡದಾದರೇನು?