ಸಡಿಲವಾಗುವ ತಿರುಪು

ಮನೆಯ ಷೆಡ್ಡಿನಲ್ಲಿ ಸ್ವಂತ ಕೈಯಿಂದ ವಿಮಾನ ಕಟ್ಟುವ ಹವ್ಯಾಸಿಗಳು ಇಂದಿಗೂ ಅನೇಕ ದೇಶಗಳಲ್ಲಿದ್ದಾರೆ. ರೆಕ್ಕೆಯ ಚರ್ಚೆಯಲ್ಲಿ ಎಷ್ಟು ಆಸಕ್ತಿಯೋ ಪ್ರೊಪೆಲ್ಲರಿನ ಬೋಲ್ಟನ್ನು ಬಿಗಿಯುವ ಚರ್ಚೆಯಲ್ಲೂ ಅವರಿಗೆ ಅಷ್ಟೇ ಆಸಕ್ತಿ. ಹೊರಗಿನವರಿಗೆ ಇದು ಅತಿಯೆನಿಸಬಹುದು. ಆದರೆ ರೈಟ್ ಸೋದರರ ವಿಮಾನವೂ ಮನೆಗೆಲಸದ ವಿಮಾನವೇ. ಅದು ನೆಲ ಬಿಡಲು ತಡವಾದದ್ದೂ ಬಹುಮಟ್ಟಿಗೆ ಇಂಥದೇ ಸಡಿಲಿಕೆಯಿಂದ.

1903ರ ನವೆಂಬರ್. ಉತ್ತರ ಕ್ಯಾರೊಲಿನಾದ ಕಿಟ್ಟಿ ಹಾಕ್ ಬಳಿಯ ಮರಳುದಿಬ್ಬಗಳ ನಡುವೆ ವಿಲ್ಬರ್ ಮತ್ತು ಆರ್ವಿಲ್ ತಮ್ಮ ಯಂತ್ರವನ್ನು ಜೋಡಿಸುತ್ತಿದ್ದರು. ಇಬ್ಬರೂ ಡೇಟನ್ ನಗರದ ಸೈಕಲ್ ಅಂಗಡಿಯವರು. ಸುಮಾರು 12 ಅಶ್ವಶಕ್ತಿಯ ಎಂಜಿನ್ನಿನಿಂದ ಮರದ ಎರಡು ಪ್ರೊಪೆಲ್ಲರುಗಳಿಗೆ ಶಕ್ತಿಯನ್ನು ಒಯ್ಯುತ್ತಿದ್ದುದು, ಸೈಕಲ್ಲಿನಂತೆಯೇ, ಚೈನು ಮತ್ತು ಹಲ್ಲುಚಕ್ರ. ನವೆಂಬರ್ 5ರಂದು ಎಂಜಿನ್ ಚಾಲೂ ಮಾಡಿದಾಗ ಅದು ಸಮನಾಗಿ ಓಡದೆ ಎಡವಿ ಎಡವಿ ಓಡಿತು. ಆ ಜಗ್ಗಾಟಕ್ಕೆ ಪ್ರೊಪೆಲ್ಲರಿನ ಕೊಳವೆದಂಡಗಳು ಕಿತ್ತುಕೊಂಡವು. ಅವನ್ನು ದುರಸ್ತಿಗೆ ಡೇಟನ್ನಿಗೆ ಕಳಿಸಿ ಹದಿನೈದು ದಿನ ಕಾಯಬೇಕಾಯಿತು.

ನವೆಂಬರ್ 20ಕ್ಕೆ ದಂಡಗಳು ಮರಳಿದವು. ಈಗ ಹಲ್ಲುಚಕ್ರಗಳ ಸರದಿ. ಚಕ್ರವನ್ನು ದಂಡಕ್ಕೆ ತಿರುಪಿ, ಅದರ ಮೇಲೆ ವಿರುದ್ಧ ದಿಕ್ಕಿನ ಸುತ್ತುಗಳುಳ್ಳ ನಟ್ ಹಾಕಿ ಬಂಧಿಸಿದ್ದರು. ಲೆಕ್ಕಕ್ಕೆ ಅಚ್ಚುಕಟ್ಟಾದ ಉಪಾಯ. ಎಂಜಿನ್ನಿಗೆ ಆ ಲೆಕ್ಕ ತಿಳಿಯದು. ಎಷ್ಟು ಬಿಗಿದರೂ ಸಡಿಲವಾಯಿತು. ಆ ರಾತ್ರಿ ಇಬ್ಬರೂ ಎದೆಗುಂದಿ ಮಲಗಿದರು. ಬೆಳಗಾದ ಮೇಲೆ ಅವರಿಗೆ ಸೈಕಲ್ ಟೈರನ್ನು ರಿಮ್ಮಿಗೆ ಕೂರಿಸುವ ಗಟ್ಟಿ ಅಂಟಿನ ನೆನಪಾಯಿತು. ಗಡಿಯಾರದವರು ಕೈಬಿಟ್ಟಿದ್ದ ಒಂದು ಸ್ಟಾಪ್‌ವಾಚನ್ನು ಹಿಂದೆ ಅದರಿಂದಲೇ ಸರಿಮಾಡಿದ್ದರು. ಪಂಕ್ಚರ್ ಅಂಗಡಿಯ ತೆಳು ಸಲ್ಯೂಷನ್ ಅಲ್ಲ ಅದು; ಕಾಸಿದರೆ ಕರಗಿ, ಆರಿದರೆ ಕಲ್ಲಾಗುವಂಥದು. ಚೂರಿಗೆ ಹಿಡಿ ಕೂರಿಸುವಾಗ ನಮ್ಮ ಕಡೆ ಅರಗು ಬಳಸುತ್ತಿದ್ದರಲ್ಲ, ಆ ಬಗೆಯದು. ದಂಡವನ್ನೂ ಚಕ್ರವನ್ನೂ ಕಾಸಿ, ಅಂಟನ್ನು ತಿರುಪಿನ ಸುತ್ತುಗಳಲ್ಲಿ ಕರಗಿಸಿ ಮತ್ತೆ ಬಿಗಿದರು. ಚಕ್ರಗಳು ಮುಂದೆ ಕದಲಲಿಲ್ಲ.

ಕಥೆಯನ್ನು ಇಲ್ಲಿಗೇ ಮುಗಿಸುವವರಿದ್ದಾರೆ. ನಮಗೆ ಮುಂದಿನದೇ ಮುಖ್ಯವೆನಿಸುತ್ತದೆ. ನವೆಂಬರ್ 28ರಂದು ಒಂದು ಕೊಳವೆದಂಡವೇ ಸೀಳಿತ್ತು. ಚಕ್ರವನ್ನು ಬಂಧಿಸಿದ್ದಾಯಿತು, ಎಂಜಿನ್ನಿನ ಜಗ್ಗಾಟ ಎಲ್ಲಿಗೆ ಹೋಗಬೇಕು? ಆ ದಂಡಗಳಿಗೆ ಸಮವಾದ ಭಾರವನ್ನು ಹೊರಲು ಬೇಕಾದುದಕ್ಕಿಂತ ಹಲವು ಪಟ್ಟು ಬಲವಿತ್ತು, ಇಲ್ಲದಿದ್ದುದು ಬಳುಕು. ಆರ್ವಿಲ್ ಡೇಟನ್ನಿಗೆ ಹೋಗಿ, ಮೊದಲಿನದಕ್ಕಿಂತ ಸಣ್ಣ ಸುತ್ತಳತೆಯ, ಆದರೆ ಗಟ್ಟಿ ಉಕ್ಕಿನ ದಂಡಗಳನ್ನು ಮಾಡಿಸಿ ತಂದರು. ತುಸು ತಿರುಚಿಕೊಂಡು ಹೊಡೆತ ನುಂಗುವ ದಂಡಗಳವು. ಅವರು ಶಿಬಿರಕ್ಕೆ ಮರಳಿದ್ದು ಡಿಸೆಂಬರ್ 11ಕ್ಕೆ. ಅಷ್ಟರಲ್ಲಿ, 8ರಂದು, ಸರ್ಕಾರದ ಹಣದಲ್ಲಿ ಕಟ್ಟಿದ ಲ್ಯಾಂಗ್ಲಿಯವರ ವಿಮಾನ ಪೊಟೋಮ್ಯಾಕ್ ನದಿಗೆ ಬಿದ್ದಿತ್ತು. ಡಿಸೆಂಬರ್ 17ರಂದು ಸೋದರರ ಯಂತ್ರ ನಾಲ್ಕು ಬಾರಿ ಹಾರಿತು. ಗಾಳಿಯಲ್ಲಿದ್ದುದು ಒಟ್ಟು ಒಂದೂವರೆ ನಿಮಿಷಕ್ಕೆ ಸ್ವಲ್ಪ ಹೆಚ್ಚು. ದಂಡ ಮತ್ತು ಚಕ್ರಗಳ ಗೋಳು ಐದು ವಾರ.

ಇಂದಿನ ಹವ್ಯಾಸಿಯ ಮರದ ಪ್ರೊಪೆಲ್ಲರಿನಲ್ಲೂ ಇದೇ ತೊಡಕು ವೇಷ ಬದಲಿಸಿ ಬರುತ್ತದೆ. ಬೋಲ್ಟುಗಳ ತಲೆಗೆ ತೂತು ಕೊರೆದು, ಒಂದು ಸಡಿಲವಾಗಹೊರಟರೆ ಇನ್ನೊಂದನ್ನು ಬಿಗಿಯುವಂತೆ ತಂತಿ ಹೆಣೆಯುತ್ತಾರೆ. ತಂತಿ ಬೋಲ್ಟು ತಿರುಗದಂತೆ ತಡೆಯುತ್ತದೆ, ಅಷ್ಟೆ. ಪ್ರೊಪೆಲ್ಲರನ್ನು ನಿಜವಾಗಿ ಹಿಡಿದಿರುವುದು ಮರಕ್ಕೂ ಲೋಹದ ತಟ್ಟೆಗೂ ನಡುವಣ ಒತ್ತಡ, ಅದರಿಂದ ಹುಟ್ಟುವ ಘರ್ಷಣೆ. ಮಳೆಗಾಲದಲ್ಲಿ ಉಬ್ಬಿದ ಮರ ಒಣಹವೆಯಲ್ಲಿ ಕುಗ್ಗಿದರೆ, ಬೋಲ್ಟು ಕೂದಲೆಳೆಯಷ್ಟೂ ತಿರುಗದೆಯೇ ಆ ಒತ್ತಡ ಇಳಿದುಹೋಗುತ್ತದೆ. ಆಗ ಮರ ತಟ್ಟೆಯ ಮೇಲೆ ಉಜ್ಜಿ ಕಪ್ಪಗೆ ಸುಡುತ್ತದೆ. ತಂತಿ ಮಾತ್ರ ಹೆಣೆದಂತೆಯೇ ಇರುತ್ತದೆ. ಆದ್ದರಿಂದಲೇ ಹವೆ ಬದಲಾದಾಗಲೆಲ್ಲ ತಂತಿ ಕತ್ತರಿಸಿ, ಬಿಗಿಯನ್ನು ಅಳೆದು, ಹೊಸ ತಂತಿ ಹಾಕುವ ರೂಢಿ. ಕೆಲವರು ಬೋಲ್ಟಿನ ಜೊತೆ ಬಟ್ಟಲಾಕಾರದ ಸ್ಪ್ರಿಂಗ್ ವಾಷರುಗಳನ್ನು ಪೇರಿಸುತ್ತಾರೆ. ಮರ ಕುಗ್ಗಿದಷ್ಟು ಅವು ಅರಳಿ ಒತ್ತಡವನ್ನು ಕಾಯುತ್ತವೆ.