ನೈತಿಕ ಸಾಪೇಕ್ಷವಾದ: ಚರ್ಚೆಯ ಇತಿಹಾಸ

ನೀತಿ ಅನೀತಿಗಳ ತೀರ್ಪು ಆಯಾ ಸಮಾಜದ ರೂಢಿಗೆ ಕಟ್ಟುಬಿದ್ದದ್ದು, ಎಲ್ಲ ಜನಕ್ಕೂ ಎಲ್ಲ ಕಾಲಕ್ಕೂ ಸಲ್ಲುವ ಒರೆಗಲ್ಲು ಇಲ್ಲ ಎನ್ನುವ ತಾತ್ತ್ವಿಕ ನಿಲುವು. ಜನ ಒಪ್ಪಲಿ ಬಿಡಲಿ, ಕೆಲವು ಕೃತ್ಯಗಳು ತಪ್ಪೇ ಎನ್ನುವ ವಸ್ತುನಿಷ್ಠವಾದ ಇದರ ಎದುರಾಳಿ. ನಾಡಿನಿಂದ ನಾಡಿಗೆ ನಡವಳಿಕೆ ಬೇರೆ ಎಂಬುದನ್ನು ಎರಡೂ ಪಕ್ಷಗಳು ಒಪ್ಪುತ್ತವೆ. ಆ ಭೇದದಿಂದ ಏನು ಸಿದ್ಧವಾಗುತ್ತದೆ ಎಂಬಲ್ಲಿ ಮಾತ್ರ ಜಗಳ.

ಕ್ರಿ.ಪೂ. 5ನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಹೇಳುವ ಪ್ರಸಂಗವೊಂದು ಈ ಚರ್ಚೆಯಲ್ಲಿ ಇಂದಿಗೂ ಬಳಕೆಯಲ್ಲಿದೆ. ಪರ್ಷಿಯದ ದೊರೆ ಡೇರಿಯಸ್, ಸತ್ತ ತಂದೆಯನ್ನು ತಿನ್ನಲು ಎಷ್ಟು ಹಣ ಬೇಕೆಂದು ಗ್ರೀಕರನ್ನು ಕೇಳಿದ. ಎಷ್ಟು ಕೊಟ್ಟರೂ ಆಗದೆಂದರು. ಹೆತ್ತವರ ಶವವನ್ನು ತಿನ್ನುತ್ತಿದ್ದರೆಂದು ಹೇಳಲಾದ ಕಲ್ಲಾತಿಯರೆಂಬ ಭಾರತೀಯರನ್ನು, ಅದನ್ನು ಸುಡಲು ಏನು ಬೇಕೆಂದು ಕೇಳಿದಾಗ ಅವರು ಚೀರಿಕೊಂಡರು. ರೂಢಿಯೇ ಎಲ್ಲಕ್ಕೂ ಒಡೆಯ ಎಂಬುದು ಹೆರೊಡೋಟಸನ ತೀರ್ಮಾನ. ಆದರೆ ಸತ್ತ ತಂದೆಗೆ ತಕ್ಕ ಗೌರವ ಸಲ್ಲಬೇಕೆಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ ಎಂದೂ ಇದೇ ಕಥೆಯನ್ನು ಓದಬಹುದು. ಅದೇ ಶತಮಾನದ ಪ್ರೊಟಾಗೊರಸ್ ಮನುಷ್ಯನೇ ಎಲ್ಲದರ ಅಳತೆಗೋಲು ಎಂದ. ಪ್ಲೇಟೊ ತನ್ನ ‘ಥಿಯಟೀಟಸ್’ ಸಂವಾದದಲ್ಲಿ ಅದನ್ನು ಖಂಡಿಸಿದ.

ಭಾರತದಲ್ಲಿ ಈ ವಿವಾದ ಎದ್ದದ್ದು ಧರ್ಮಸೂತ್ರಗಳಲ್ಲಿ. ದಕ್ಷಿಣದವರ ಐದು, ಉತ್ತರದವರ ಐದು ವಿವಾದಾಸ್ಪದ ಆಚಾರಗಳನ್ನು ಬೌಧಾಯನ ಪಟ್ಟಿ ಮಾಡುತ್ತಾನೆ. ಹೆಂಡತಿಯೊಡನೆ ಕೂತು ಉಣ್ಣುವುದು, ತಂಗಳು ತಿನ್ನುವುದು, ಸೋದರಮಾವನ ಅಥವಾ ಸೋದರತ್ತೆಯ ಮಗಳನ್ನು ಮದುವೆಯಾಗುವುದು ದಕ್ಷಿಣದವು; ಮದ್ಯಪಾನ, ಉಣ್ಣೆಯ ಮಾರಾಟ, ಸಮುದ್ರಯಾನ ಉತ್ತರದವು. ಒಂದು ಕಡೆಯದನ್ನು ಇನ್ನೊಂದು ಕಡೆ ಮಾಡಿದರೆ ದೋಷ, ಆಯಾ ದೇಶದ ರೂಢಿಯೇ ಪ್ರಮಾಣ ಎಂಬ ವಾದ ಅಲ್ಲಿದೆ. ಇನ್ನೊಬ್ಬ ಧರ್ಮಸೂತ್ರಕಾರ ಗೌತಮ ಇದನ್ನು ಒಪ್ಪುವುದಿಲ್ಲ ಎಂಬ ಮಾತೂ ಬೆನ್ನಿಗೇ ಬರುತ್ತದೆ: ದೇಶಾಚಾರ ಸಲ್ಲುವುದು ವೇದಕ್ಕೆ ವಿರುದ್ಧವಾಗದಿದ್ದರೆ ಮಾತ್ರ. 7ನೆಯ ಶತಮಾನದ ಮೀಮಾಂಸಕ ಕುಮಾರಿಲ ಭಟ್ಟ ಮಾವನ ಮಗಳನ್ನು ವರಿಸುವ ದಾಕ್ಷಿಣಾತ್ಯರನ್ನು ಛೇಡಿಸಿದ್ದಾನೆ. ವಿಜಯನಗರ ಕಾಲದ ಮಾಧವಾಚಾರ್ಯ ‘ಪರಾಶರಮಾಧವೀಯ’ದಲ್ಲಿ ಈ ಮದುವೆಯನ್ನು ಸಮರ್ಥಿಸಿದ್ದು ಗಮನಾರ್ಹ, ‘ನಮ್ಮಲ್ಲಿ ಹೀಗೇ’ ಎಂದಷ್ಟೇ ಹೇಳಿ ಸುಮ್ಮನಾಗದೆ ಆತ ಶ್ರುತಿಯ ಆಧಾರ ಹುಡುಕಿದ. ರೂಢಿಯನ್ನು ಕಾಯಲು ಹೊರಟವನಿಗೂ ರೂಢಿಯ ಆಚೆಗಿನ ಪ್ರಮಾಣ ಬೇಕಾಯಿತು. 1955ರ ಹಿಂದೂ ವಿವಾಹ ಕಾಯ್ದೆ ಸಮೀಪ ಸಂಬಂಧದ ಮದುವೆಯನ್ನು ನಿಷೇಧಿಸಿ, ಇಬ್ಬರ ರೂಢಿಯೂ ಅನುಮತಿಸಿದರೆ ವಿನಾಯಿತಿ ಇಟ್ಟಿದೆ. ಕರ್ನಾಟಕದ ಎಷ್ಟೋ ಮನೆಗಳ ಸೋದರಿಕೆಯ ಮದುವೆಗಳು ಈ ವಿನಾಯಿತಿಯ ಬಲದಲ್ಲೇ ಊರ್ಜಿತ. ಸತ್ಯಕ್ಕೆ ಹಲವು ಮುಖಗಳುಂಟು ಎನ್ನುವ ಜೈನರ ಅನೇಕಾಂತವಾದವನ್ನೂ ಸಾಪೇಕ್ಷವಾದವೆಂದು ಬಗೆಯುವವರಿದ್ದಾರೆ. ಆದರೆ ಅಹಿಂಸೆಯ ವಿಷಯದಲ್ಲಿ ಜೈನರು ಯಾವ ರಾಜಿಗೂ ಒಪ್ಪಿದವರಲ್ಲ.

ಫ್ರಾನ್ಸಿನ ಮಾಂಟೇನ್ 1580ರಲ್ಲಿ ಪ್ರಕಟಿಸಿದ ಪ್ರಬಂಧಗಳಲ್ಲಿ ಬ್ರೆಜಿಲ್‌ನ ನರಭಕ್ಷಕರನ್ನು ಕುರಿತದ್ದೂ ಒಂದು. ಸತ್ತವನನ್ನು ತಿನ್ನುವುದಕ್ಕಿಂತ ಧರ್ಮದ ಹೆಸರಲ್ಲಿ ಬದುಕಿರುವವನನ್ನು ಹಿಂಸಿಸುವುದು ಹೆಚ್ಚು ಅನಾಗರಿಕ ಎಂದು ಆತ ತನ್ನವರನ್ನೇ ಚುಚ್ಚಿದ.

ಇಂದಿನ ರೂಪದ ಸಾಪೇಕ್ಷವಾದ 20ನೆಯ ಶತಮಾನದ ಕೂಸು. ಅಮೆರಿಕದ ವಿಲಿಯಂ ಗ್ರಹಾಂ ಸಮ್ನರ್ 1906ರ ‘ಫೋಕ್‌ವೇಸ್’ನಲ್ಲಿ, ಲೋಕರೂಢಿ ಯಾವುದನ್ನು ಬೇಕಾದರೂ ಸರಿ ಎನಿಸಬಲ್ಲದೆಂದು ವಾದಿಸಿದ. ಫಿನ್ಲೆಂಡಿನ ಎಡ್ವರ್ಡ್ ವೆಸ್ಟರ್‌ಮಾರ್ಕ್ ನೈತಿಕ ತೀರ್ಪುಗಳ ಮೂಲವನ್ನು ಭಾವನೆಗಳಲ್ಲಿ ಕಂಡ. ಜನಾಂಗಗಳ ಮೇಲುಕೀಳಿನ ಸಿದ್ಧಾಂತವನ್ನು ಎದುರಿಸುತ್ತಿದ್ದ ಮಾನವಶಾಸ್ತ್ರಜ್ಞ ಫ್ರಾಂಜ್ ಬೋವಸ್‌ನ ಶಿಷ್ಯೆ ರೂತ್ ಬೆನೆಡಿಕ್ಟ್, 1934ರ ‘ಪ್ಯಾಟರ್ನ್ಸ್ ಆಫ್ ಕಲ್ಚರ್’ ಮೂಲಕ ಈ ವಿಚಾರವನ್ನು ಸಾಮಾನ್ಯ ಓದುಗರಿಗೂ ಮುಟ್ಟಿಸಿದಳು.

ನಿಜವಾದ ಪರೀಕ್ಷೆ ಎದುರಾದದ್ದು 1947ರಲ್ಲಿ. ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆಯನ್ನು ರೂಪಿಸುತ್ತಿದ್ದಾಗ ಅಮೆರಿಕನ್ ಮಾನವಶಾಸ್ತ್ರ ಸಂಘ ಒಂದು ಹೇಳಿಕೆ ಕಳಿಸಿತು. ಬೋವಸ್‌ನ ಇನ್ನೊಬ್ಬ ಶಿಷ್ಯ ಮೆಲ್ವಿಲ್ ಹರ್ಸ್ಕೊವಿಟ್ಸ್ ಅದರ ಮುಖ್ಯ ಕರ್ತೃ. ಮೌಲ್ಯಗಳು ಸಂಸ್ಕೃತಿಗೆ ಸಾಪೇಕ್ಷವಾದ್ದರಿಂದ ಪಶ್ಚಿಮದ ಅಳತೆಗೋಲನ್ನು ಜಗತ್ತಿಗೆಲ್ಲ ಹೇರಬಾರದು ಎಂಬುದು ಅದರ ಎಚ್ಚರಿಕೆ. ವಸಾಹತುಗಳ ದಿನಗಳಲ್ಲಿ ಈ ಆತಂಕ ನ್ಯಾಯವಾದದ್ದೇ. ಹಾಗಾದರೆ ನಾಜಿ ಜರ್ಮನಿಯ ‘ಸಂಸ್ಕೃತಿ’ಯನ್ನೂ ಸಹಿಸಬೇಕಿತ್ತೇ ಎಂಬ ಪ್ರಶ್ನೆಗೆ ಮಾತ್ರ ಹೇಳಿಕೆಯಲ್ಲಿ ಸಮರ್ಪಕ ಉತ್ತರವಿರಲಿಲ್ಲ, ಮರುವರ್ಷವೇ ಜೂಲಿಯನ್ ಸ್ಟೀವರ್ಡ್ ಮುಂತಾದ ಸಹೋದ್ಯೋಗಿಗಳು ಇದನ್ನು ಎತ್ತಿ ಆಡಿದರು. ಘೋಷಣೆಯ ಕರಡಿನಲ್ಲಿ ‘ಎಲ್ಲ ಪುರುಷರು’ ಎಂದೂ ಅರ್ಥವಾಗಬಹುದಾಗಿದ್ದ ಪದವನ್ನು ‘ಎಲ್ಲ ಮಾನವರು’ ಎಂದು ತಿದ್ದಿಸಿದ್ದು, ಆಗತಾನೆ ಸ್ವತಂತ್ರವಾಗಿದ್ದ ಭಾರತದ ಪ್ರತಿನಿಧಿ ಹಂಸಾ ಮೆಹ್ತಾ. ಪಶ್ಚಿಮದ ಹೇರಿಕೆ ಎನ್ನುವವರು ಈ ಸಂಗತಿಗೆ ಕೊಡಬೇಕಾದಷ್ಟು ಬೆಲೆ ಕೊಟ್ಟಿಲ್ಲ. 1948ರ ಡಿಸೆಂಬರ್ 10ರಂದು 48 ಮತಗಳಿಂದ ಘೋಷಣೆ ಅಂಗೀಕಾರವಾಯಿತು. ವಿರೋಧ ಮತ ಒಂದೂ ಇರಲಿಲ್ಲ, 8 ದೇಶಗಳು ತಟಸ್ಥವಾಗಿದ್ದವು. ಅವುಗಳಲ್ಲಿ ದಕ್ಷಿಣ ಆಫ್ರಿಕ, ಸೌದಿ ಅರೇಬಿಯ ಮತ್ತು ಸೋವಿಯತ್ ಬಣದ ರಾಷ್ಟ್ರಗಳೂ ಇದ್ದವು. ಮಾನವಶಾಸ್ತ್ರ ಸಂಘ 1999ರಲ್ಲಿ ಮಾನವ ಹಕ್ಕುಗಳ ಪರವಾಗಿ ಹೊಸ ಘೋಷಣೆ ಹೊರಡಿಸಿತು.

ಎಲ್ಲ ಸಂಸ್ಕೃತಿಗಳನ್ನೂ ಸಹಿಸಬೇಕು ಎಂಬ ವಿಧಿಯೇ ಸಾರ್ವತ್ರಿಕ ವಿಧಿಯಲ್ಲವೇ ಎಂಬ ತೊಡಕನ್ನು ತತ್ತ್ವಜ್ಞ ಬರ್ನಾರ್ಡ್ ವಿಲಿಯಮ್ಸ್ 1972ರಲ್ಲಿ ಬಿಡಿಸಿ ತೋರಿಸಿದ. ಆ ಬಳಿಕ ವಾದ ಸೂಕ್ಷ್ಮವಾಯಿತು. ಗಿಲ್ಬರ್ಟ್ ಹಾರ್ಮನ್ 1975ರಲ್ಲಿ ನೀತಿಯನ್ನು ಜನರ ನಡುವಿನ ಮೌನ ಒಪ್ಪಂದವೆಂದು ವಿವರಿಸಿದ. ಜೆ. ಎಲ್. ಮ್ಯಾಕಿ 1977ರಲ್ಲಿ ವಸ್ತುನಿಷ್ಠ ಮೌಲ್ಯಗಳೇ ಇಲ್ಲ, ಇವೆಯೆಂದು ನಂಬಿ ಮಾತಾಡುವುದು ನಮ್ಮೆಲ್ಲರ ಭ್ರಮೆ ಎಂದ. ಡೆರೆಕ್ ಪಾರ್ಫಿಟ್ 2011ರಲ್ಲಿ ವಸ್ತುನಿಷ್ಠ ಪಕ್ಷದ ಪರವಾಗಿ ಬೃಹತ್ ಗ್ರಂಥವನ್ನೇ ಹೊರತಂದ. ಸಾಪೇಕ್ಷ, ವಸ್ತುನಿಷ್ಠ ಪಕ್ಷಗಳೆರಡರ ನಡುವೆ ನಿಂತ ಡೇವಿಡ್ ವಾಂಗ್ 2006ರ ಕೃತಿಯಲ್ಲಿ, ನಿಜವಾದ ನೀತಿವ್ಯವಸ್ಥೆ ಒಂದೇ ಆಗಿರಬೇಕಿಲ್ಲ, ಆದರೆ ಮಾನವ ಸ್ವಭಾವ ಮತ್ತು ಕೂಡಿಬಾಳುವ ಅಗತ್ಯಗಳು ಹಲವನ್ನು ತಳ್ಳಿಹಾಕುತ್ತವೆ ಎಂಬ ಬಹುತ್ವದ ಸಾಪೇಕ್ಷವಾದವನ್ನು ಮಂಡಿಸಿದ.