ಲಂಡನ್ ನಗರದ ಸಂಗ್ರಹಾಲಯಗಳಲ್ಲಿ ಏಷ್ಯಾದ ಕಲೆ: ಪ್ರದರ್ಶನಗಳ ಚರಿತ್ರೆ

ವಸ್ತುಸಂಗ್ರಹಾಲಯದಲ್ಲಿರುವ ಶಿಲ್ಪವನ್ನು ನೋಡುವಾಗ ನಮ್ಮ ಗಮನ ಅದರ ಕಾಲ, ಶೈಲಿ ಮತ್ತು ಲಕ್ಷಣಗಳ ಕಡೆಗೆ ಹರಿಯುವುದು ಸಹಜ. ಆ ಶಿಲ್ಪ ಅಲ್ಲಿಗೆ ಬಂದ ಬಗೆ, ಅದರ ನೆರೆಯಲ್ಲಿ ಇರಿಸಲಾದ ವಸ್ತುಗಳು, ಅದಕ್ಕೆ ಬರೆಯಲಾದ ವಿವರಣೆ ಇವೂ ಚರಿತ್ರೆಯ ಆಕರಗಳೆಂದು ನಾವು ಭಾವಿಸುವುದು ಅಪರೂಪ. ಲಂಡನ್ ನಗರದಲ್ಲಿ ಏಷ್ಯಾದ ಕಲೆಯ ಪ್ರದರ್ಶನಗಳು ನಡೆದುಬಂದ ಬಗೆಯನ್ನು ಪರಿಶೀಲಿಸಿದರೆ ಈ ಮಾತಿನ ಮಹತ್ವ ಮನವರಿಕೆಯಾಗುತ್ತದೆ. ಒಂದೇ ವಸ್ತು ಒಂದು ಕಾಲದಲ್ಲಿ ಯುದ್ಧದ ಕೊಳ್ಳೆಯಾಗಿ, ಮತ್ತೊಂದು ಕಾಲದಲ್ಲಿ ಕುಶಲ ಕೈಗಾರಿಕೆಯ ಮಾದರಿಯಾಗಿ, ಮುಂದೆ ಕಲಾಕೃತಿಯಾಗಿ ನೋಡುಗರ ಮುಂದೆ ನಿಂತಿದೆ. ಈ ಪರಿವರ್ತನೆಯ ಕೆಲವು ಘಟ್ಟಗಳನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕೊಳ್ಳೆ ಮತ್ತು ಕುತೂಹಲ

ಈಸ್ಟ್ ಇಂಡಿಯಾ ಕಂಪನಿಯು 1801ರಲ್ಲಿ ಲೆಡನ್‌ಹಾಲ್ ಬೀದಿಯ ತನ್ನ ಕಚೇರಿಯಲ್ಲಿ ಗ್ರಂಥಾಲಯ ಹಾಗೂ ವಸ್ತುಸಂಗ್ರಹವನ್ನು ಆರಂಭಿಸಿ, ಸಂಸ್ಕೃತ ವಿದ್ವಾಂಸ ಚಾರ್ಲ್ಸ್ ವಿಲ್ಕಿನ್ಸ್‌ನನ್ನು ಅದರ ಮೇಲ್ವಿಚಾರಕನನ್ನಾಗಿ ನೇಮಿಸಿತು. ಅಲ್ಲಿಯ ಅತ್ಯಂತ ಜನಪ್ರಿಯ ವಸ್ತು ಕನ್ನಡ ನಾಡಿನದು. 1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾದ ತರುವಾಯ ಟಿಪ್ಪುಸುಲ್ತಾನನ ಅರಮನೆಯಲ್ಲಿ ದೊರೆತ ಮರದ ಹುಲಿಯು 1808ರಿಂದ ಅಲ್ಲಿ ಪ್ರದರ್ಶಿತವಾಯಿತು. ಐರೋಪ್ಯನೊಬ್ಬನ ಮೇಲೆರಗಿದ ಈ ಹುಲಿಯ ಪಕ್ಕದಲ್ಲಿರುವ ಹಿಡಿಯನ್ನು ತಿರುಗಿಸಿದರೆ ಹುಲಿಯ ಘರ್ಜನೆಯೂ ಮನುಷ್ಯನ ಆರ್ತನಾದವೂ ಕೇಳುತ್ತಿದ್ದವು. ಸಂದರ್ಶಕರು ಮೇಲಿಂದಮೇಲೆ ಹಿಡಿ ತಿರುಗಿಸುತ್ತಿದ್ದುದರಿಂದ ಓದುವ ಕೊಠಡಿಯ ವಿದ್ವಾಂಸರ ಅಧ್ಯಯನಕ್ಕೆ ಭಂಗ ಬಂದಿತೆಂದು ಪತ್ರಿಕೆಗಳಲ್ಲಿ ದೂರುಗಳು ಪ್ರಕಟವಾದವು. ಸುಲ್ತಾನನ ರಾಜಲಾಂಛನವಾಗಿದ್ದ ಹುಲಿ ಇಲ್ಲಿ ವಿಜಯದ ಸ್ಮಾರಕವೂ ವಿನೋದದ ಸಾಧನವೂ ಆಯಿತು.

ಇದೇ ಕಾಲಘಟ್ಟದ ಮತ್ತೊಂದು ಸಂಗ್ರಹ ಅಮರಾವತಿ ಸ್ತೂಪದ ಶಿಲಾಫಲಕಗಳು. 1845ರಲ್ಲಿ ಅಮರಾವತಿಯಲ್ಲಿ ಉತ್ಖನನ ನಡೆಸಿದ ವಾಲ್ಟರ್ ಎಲಿಯಟ್ ಕರ್ನಾಟಕದ ಚರಿತ್ರಕಾರರಿಗೆ ಅಪರಿಚಿತನಲ್ಲ. 1824ರಲ್ಲಿ ಕಿತ್ತೂರಿನಲ್ಲಿ ಥ್ಯಾಕರೆ ಹತನಾದಾಗ ಸೆರೆಸಿಕ್ಕ ಇಂಗ್ಲಿಷ್ ಅಧಿಕಾರಿಗಳಲ್ಲಿ ಅವನೂ ಒಬ್ಬ. ಮುಂದೆ ಧಾರವಾಡ ಸೀಮೆಯ ನೂರಾರು ಶಾಸನಗಳ ಪ್ರತಿಗಳನ್ನು ಸಂಗ್ರಹಿಸಿದವನೂ ಅವನೇ. ಅವನು ಹೊರತೆಗೆದ ಫಲಕಗಳು ಮದರಾಸಿನಿಂದ ಲಂಡನ್ ಸೇರಿದವು. 1879ರಲ್ಲಿ ಕಂಪನಿಯ ಕಾಲದ ಸಂಗ್ರಹಾಲಯವನ್ನು ವಿಸರ್ಜಿಸಿದಾಗ ಅಮರಾವತಿಯ ಶಿಲ್ಪಗಳು ಬ್ರಿಟಿಷ್ ಮ್ಯೂಸಿಯಂಗೂ ಟಿಪ್ಪುವಿನ ಹುಲಿಯು ಸೌತ್ ಕೆನ್ಸಿಂಗ್‌ಟನ್ ಮ್ಯೂಸಿಯಂಗೂ ಹೋದವು. ಪುರಾತತ್ತ್ವ ಒಂದು ಕಡೆಗೆ, ಅಲಂಕಾರ ಕಲೆ ಇನ್ನೊಂದು ಕಡೆಗೆ ಎಂಬ ಈ ವಿಂಗಡಣೆಯ ಪ್ರಭಾವ ಇಂದಿಗೂ ಉಳಿದಿದೆ.

ಕೈಗಾರಿಕೆಯೋ ಕಲೆಯೋ?

1851ರ ಮಹಾಪ್ರದರ್ಶನವು ಭಾರತದ ಜವಳಿ, ಲೋಹ ಮತ್ತು ಕೆತ್ತನೆ ಕೆಲಸಗಳಿಗೆ ಯುರೋಪಿನಲ್ಲಿ ಅಪಾರ ಮೆಚ್ಚುಗೆಯನ್ನು ತಂದಿತು. 1862ರ ಪ್ರದರ್ಶನದಲ್ಲಿ ರುದರ್‌ಫರ್ಡ್ ಆಲ್ಕಾಕ್ ಸಂಗ್ರಹಿಸಿದ್ದ ಜಪಾನಿನ ವಸ್ತುಗಳು ಜನರ ಗಮನ ಸೆಳೆದವು. ಆದರೆ ಈ ಮೆಚ್ಚುಗೆ ಸಂದದ್ದು ಕುಶಲ ಕೆಲಸಕ್ಕೆ. ಭಾರತದ ಶಿಲ್ಪ ಮತ್ತು ಚಿತ್ರಗಳಿಗೆ ಲಲಿತಕಲೆಯ ಸ್ಥಾನವನ್ನು ನೀಡಲು ಅಲ್ಲಿನ ವಿದ್ವತ್ ವಲಯ ಸಿದ್ಧವಿರಲಿಲ್ಲ.

ಈ ಧೋರಣೆ ಬಹಿರಂಗ ವಿವಾದಕ್ಕೆ ಗುರಿಯಾದದ್ದು 1910ರ ಜನವರಿ 13ರಂದು. ಕಲ್ಕತ್ತೆಯ ಕಲಾಶಾಲೆಯ ಮುಖ್ಯಸ್ಥನಾಗಿದ್ದ ಇ.ಬಿ. ಹ್ಯಾವೆಲ್ ಅಂದು ಲಂಡನ್ನಿನ ರಾಯಲ್ ಸೊಸೈಟಿ ಆಫ್ ಆರ್ಟ್ಸ್‌ನಲ್ಲಿ ಉಪನ್ಯಾಸ ನೀಡಿದನು. ಅಧ್ಯಕ್ಷತೆ ವಹಿಸಿದ್ದ ಜಾರ್ಜ್ ಬರ್ಡ್‌ವುಡ್, ಭಾರತದ ಕರಕುಶಲ ಕಲೆಗಳನ್ನು ಕುರಿತು 1880ರಲ್ಲಿ ಪ್ರಸಿದ್ಧ ಗ್ರಂಥ ಬರೆದವನು. ಅವನು ಭಾರತದಲ್ಲಿ ಲಲಿತಕಲೆ ಎಂಬುದೇ ಇಲ್ಲವೆಂದು ವಾದಿಸಿ, ಜಾವಾದ ಬುದ್ಧಪ್ರತಿಮೆಯೊಂದನ್ನು ಬೇಯಿಸಿದ ಕೊಬ್ಬಿನ ಕಡುಬಿಗೆ ಹೋಲಿಸಿದನು. ಭಾರತದ ಕುಶಲಕರ್ಮಿಗಳ ಪರವಾಗಿ ಜೀವಮಾನವಿಡೀ ಬರೆದವನ ಬಾಯಿಂದಲೇ ಈ ಮಾತು ಬಂದದ್ದು ಗಮನಾರ್ಹ. ಕುಶಲಕರ್ಮಿಯನ್ನು ಮೆಚ್ಚುವುದಕ್ಕೂ ಅವನ ಹಿಂದಿರುವ ಚಿಂತನೆಯನ್ನು ಒಪ್ಪುವುದಕ್ಕೂ ನಡುವೆ ಇದ್ದ ಅಂತರ ಇಲ್ಲಿ ಪ್ರಕಟವಾಯಿತು. ಫೆಬ್ರವರಿ 28ರಂದು ಹದಿಮೂರು ಮಂದಿ ಕಲಾವಿದರು ಮತ್ತು ವಿಮರ್ಶಕರು ಟೈಮ್ಸ್ ಪತ್ರಿಕೆಯಲ್ಲಿ ಪ್ರತಿಭಟನೆಯ ಪತ್ರವನ್ನು ಪ್ರಕಟಿಸಿದರು. ಹ್ಯಾವೆಲ್, ವಿಲಿಯಂ ರಾಥೆನ್‌ಸ್ಟೈನ್, ಆನಂದ ಕುಮಾರಸ್ವಾಮಿ ಮೊದಲಾದವರ ಪ್ರಯತ್ನದಿಂದ ಅದೇ ವರ್ಷ ಇಂಡಿಯಾ ಸೊಸೈಟಿ ಸ್ಥಾಪಿತವಾಯಿತು. 1913ರಲ್ಲಿ ಬ್ರಿಟಿಷ್ ಮ್ಯೂಸಿಯಂ ಲಾರೆನ್ಸ್ ಬಿನ್ಯನ್‌ನ ನೇತೃತ್ವದಲ್ಲಿ ಪೌರ್ವಾತ್ಯ ಚಿತ್ರಗಳಿಗೆ ಪ್ರತ್ಯೇಕ ಉಪವಿಭಾಗವನ್ನು ತೆರೆಯಿತು.

ರಾಷ್ಟ್ರಗಳ ಪ್ರದರ್ಶನ

ಎರಡು ಮಹಾಯುದ್ಧಗಳ ನಡುವೆ ಪ್ರದರ್ಶನಗಳ ಸ್ವರೂಪ ಬದಲಾಯಿತು. ಬರ್ಲಿಂಗ್‌ಟನ್ ಹೌಸ್‌ನಲ್ಲಿರುವ ರಾಯಲ್ ಅಕಾಡೆಮಿಯಲ್ಲಿ 1931ರಲ್ಲಿ ಪರ್ಷಿಯಾದ ಕಲೆಯ ಪ್ರದರ್ಶನವೂ, 1935ರ ನವೆಂಬರ್ 28ರಿಂದ 1936ರ ಮಾರ್ಚ್ 7ರವರೆಗೆ ಚೀನಾದ ಕಲೆಯ ಅಂತರರಾಷ್ಟ್ರೀಯ ಪ್ರದರ್ಶನವೂ ನಡೆದವು. ಎರಡನೆಯದರಲ್ಲಿ ಮೂರು ಸಾವಿರಕ್ಕೂ ಹೆಚ್ಚು ವಸ್ತುಗಳಿದ್ದವು. ನಾಲ್ಕು ಲಕ್ಷಕ್ಕೂ ಮಿಗಿಲಾಗಿ ಜನ ಅದನ್ನು ವೀಕ್ಷಿಸಿದರು. ಚೀನಾ ಸರಕಾರವೇ ಅರಮನೆಯ ಸಂಗ್ರಹದ ವಸ್ತುಗಳನ್ನು ಎರವಲು ನೀಡಿತು. ಬ್ರಿಟಿಷ್ ನೌಕಾಪಡೆಯ 'ಸಫೋಕ್' ಹಡಗು ಅವನ್ನು ಹೊತ್ತು ತಂದಿತು. ಇಂಥ ಅಮೂಲ್ಯ ವಸ್ತುಗಳು ದೇಶ ಬಿಡುವುದನ್ನು ಚೀನಾದ ಅನೇಕ ವಿದ್ವಾಂಸರು ವಿರೋಧಿಸಿದ್ದರು. ಆದ್ದರಿಂದ ವಸ್ತುಗಳು ಹೊರಡುವ ಮೊದಲು ಶಾಂಘೈಯಲ್ಲಿಯೂ ಮರಳಿದ ಮೇಲೆ ನಾನ್‌ಜಿಂಗ್‌ನಲ್ಲಿಯೂ ಅವುಗಳನ್ನು ಪ್ರದರ್ಶಿಸಲಾಯಿತು. ವಸ್ತುವಿನ ಒಡೆತನ ತನ್ನದೆಂದು ಏಷ್ಯಾದ ರಾಷ್ಟ್ರವೊಂದು ಜಗತ್ತಿಗೆ ಸಾರಿದ ಸಂದರ್ಭವಿದು.

ಭಾರತದ ಪಾಲಿಗೆ ಇದಕ್ಕಿಂತಲೂ ಮುಖ್ಯವಾದುದು ಅದೇ ಅಕಾಡೆಮಿಯಲ್ಲಿ 1947ರ ನವೆಂಬರ್‌ನಿಂದ 1948ರ ಫೆಬ್ರವರಿಯವರೆಗೆ ನಡೆದ ಪ್ರದರ್ಶನ. ಸಿದ್ಧತೆ ಆರಂಭವಾದಾಗ ದೇಶ ಅಖಂಡವಾಗಿತ್ತು. ಬಾಗಿಲು ತೆರೆಯುವ ವೇಳೆಗೆ ವಿಭಜನೆಯಾಗಿತ್ತು. ಆದ್ದರಿಂದ ಅದಕ್ಕೆ 'ಭಾರತ ಮತ್ತು ಪಾಕಿಸ್ತಾನದ ಕಲೆ' ಎಂಬ ಹೆಸರು ಬಂದಿತು. ಸಿಂಧೂ ಕಣಿವೆಯ ಮುದ್ರೆಗಳಿಂದ ಮೊಗಲ್ ಚಿತ್ರಗಳವರೆಗಿನ ಪರಂಪರೆ ಎರಡು ರಾಷ್ಟ್ರಗಳ ಹೆಸರಿನಲ್ಲಿ ಒಂದೇ ಸೂರಿನಡಿ ಸೇರಿತ್ತು.

ವಸ್ತುಗಳು ಮರಳಿದ ಮೇಲೆ 1948ರ ಕೊನೆಯಲ್ಲಿ ದೆಹಲಿಯ ಗವರ್ನ್‌ಮೆಂಟ್ ಹೌಸ್‌ನಲ್ಲಿ, ಎಂದರೆ ಇಂದಿನ ರಾಷ್ಟ್ರಪತಿ ಭವನದಲ್ಲಿ, ಅವುಗಳ ಪ್ರದರ್ಶನವನ್ನು ಏರ್ಪಡಿಸಲಾಯಿತು. ಅವುಗಳನ್ನು ಅಲ್ಲಿಯೇ ಉಳಿಸಿಕೊಂಡು ರಾಷ್ಟ್ರೀಯ ಸಂಗ್ರಹಾಲಯವನ್ನು ಆರಂಭಿಸುವ ನಿರ್ಣಯವಾಗಿ, 1949ರ ಆಗಸ್ಟ್ 15ರಂದು ಸಿ. ರಾಜಗೋಪಾಲಾಚಾರಿ ಅದನ್ನು ಉದ್ಘಾಟಿಸಿದರು. 1960ರಲ್ಲಿ ಅದು ಜನಪಥದ ಸ್ವಂತ ಕಟ್ಟಡಕ್ಕೆ ಸ್ಥಳಾಂತರಗೊಂಡಿತು. ಹೀಗೆ ಭಾರತದ ರಾಷ್ಟ್ರೀಯ ಸಂಗ್ರಹಾಲಯದ ಬೀಜ ಮೊಳೆತದ್ದು ಲಂಡನ್ನಿನ ಪ್ರದರ್ಶನವೊಂದರಲ್ಲಿ. ಆದರೆ ಪ್ರಾಂತೀಯ ಸಂಗ್ರಹಾಲಯಗಳು ನಂಬಿಕೆಯಿಂದ ಎರವಲು ಕೊಟ್ಟ ವಸ್ತುಗಳು ರಾಜಧಾನಿಯಲ್ಲಿ ಉಳಿದದ್ದು ಒಡೆತನದ ಪ್ರಶ್ನೆಯನ್ನು ನಮ್ಮ ಮನೆಯೊಳಗೂ ತಂದಿತೆಂಬುದನ್ನು ಮರೆಯಲಾಗದು.

ಅನಂತರದ ದಶಕಗಳು

1982ರ ಭಾರತ ಉತ್ಸವದ ಅಂಗವಾಗಿ ಹೇವರ್ಡ್ ಗ್ಯಾಲರಿಯಲ್ಲಿ ಎರಡು ಸಾವಿರ ವರ್ಷಗಳ ಭಾರತೀಯ ಶಿಲ್ಪ ಹಾಗೂ ಚಿತ್ರಗಳ ಪ್ರದರ್ಶನ ನಡೆಯಿತು. 1998ರಿಂದ ಗ್ಯಾಲರಿಗಳು, ಹರಾಜು ಸಂಸ್ಥೆಗಳು ಮತ್ತು ಸಂಗ್ರಹಾಲಯಗಳು ಸೇರಿ ಏಷ್ಯಾದ ಕಲೆಯ ವಾರ್ಷಿಕ ಕಾರ್ಯಕ್ರಮವನ್ನು ಆರಂಭಿಸಿದವು. ರಾಯಲ್ ಅಕಾಡೆಮಿಯಲ್ಲಿ 2006ರಲ್ಲಿ ಚೋಳರ ಕಂಚಿನ ವಿಗ್ರಹಗಳೂ, ಬ್ರಿಟಿಷ್ ಮ್ಯೂಸಿಯಂನಲ್ಲಿ 2007ರಲ್ಲಿ ಚೀನಾದ ಮಣ್ಣಿನ ಸೈನಿಕರೂ ಪ್ರದರ್ಶಿತವಾದವು.

ಇದೇ ನಗರದಲ್ಲಿ ಪತ್ತೂರು ನಟರಾಜನ ಮೊಕದ್ದಮೆಯೂ ನಡೆಯಿತು. ತಂಜಾವೂರು ಸೀಮೆಯ ದೇವಾಲಯದಿಂದ ಕಣ್ಮರೆಯಾಗಿ, 1982ರಲ್ಲಿ ವ್ಯಾಪಾರಿಯಿಂದ ಮಾರಾಟವಾದ ಈ ವಿಗ್ರಹ ಸಂರಕ್ಷಣಾ ಕಾರ್ಯಕ್ಕಾಗಿ ಬ್ರಿಟಿಷ್ ಮ್ಯೂಸಿಯಂನಲ್ಲಿದ್ದಾಗ ಪೊಲೀಸರ ವಶವಾಯಿತು. 1988ರಲ್ಲಿ ದೇವಾಲಯದ ಪರವಾಗಿ ತೀರ್ಪು ಬಂದು, 1991ರಲ್ಲಿ ಮೇಲ್ಮನವಿಯಲ್ಲಿಯೂ ಅದೇ ಸ್ಥಿರವಾಗಿ, ವಿಗ್ರಹ ಭಾರತಕ್ಕೆ ಮರಳಿತು. ಹಾಳುಬಿದ್ದಿದ್ದ ದೇಗುಲವೊಂದರ ಹಕ್ಕನ್ನು ಲಂಡನ್ನಿನ ನ್ಯಾಯಾಲಯ ಮನ್ನಿಸಿತೆಂಬುದು ಈ ಪ್ರಕರಣದ ವಿಶೇಷ.

ಒಟ್ಟಿನಲ್ಲಿ, ಪ್ರದರ್ಶನವು ಕಲೆಯನ್ನು ತೋರಿಸುವುದರ ಜೊತೆಗೆ ಯಾವುದು ಕಲೆ, ಅದು ಯಾರದು ಎಂಬುದನ್ನೂ ನಿರ್ಣಯಿಸುತ್ತ ಬಂದಿದೆ. ಟಿಪ್ಪುವಿನ ಹುಲಿ ಇಂದಿಗೂ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಅದನ್ನು ತಯಾರಿಸಿದ ಬಡಗಿ, ಕಮ್ಮಾರ ಮತ್ತು ಬಣ್ಣಗಾರರ ಹೆಸರುಗಳು ಮಾತ್ರ ಪ್ರಸಿದ್ಧಿಗೆ ಬರಲಿಲ್ಲ. ನಮ್ಮ ಸಂಶೋಧಕರು ಶಾಸನ ಮತ್ತು ಕಡತಗಳಂತೆ ಪ್ರದರ್ಶನಗಳ ಸೂಚಿಗಳನ್ನೂ ಎರವಲಿನ ಪಟ್ಟಿಗಳನ್ನೂ ಆಕರಗಳೆಂದು ಪರಿಗಣಿಸಿ ಪರಿಶೀಲಿಸಿದಲ್ಲಿ, ನಾಡಿನಿಂದ ಹೊರಹೋದ ವಸ್ತುಗಳ ಚರಿತ್ರೆಯನ್ನು ನಾವೇ ಬರೆಯಲು ಸಾಧ್ಯವಾದೀತು.